ಚತುಸ್ಸೀಮೆಯೂ ಮೋಜಣಿಯ ಸರಪಳಿಯೂ

ಕನ್ನಡ ನಾಡಿನ ದಾನಶಾಸನಗಳನ್ನು ಓದಿದವರಿಗೆಲ್ಲ ಒಂದು ಸಂಗತಿಯು ಚಿರಪರಿಚಿತವಾದುದು. ಅರಸರ ಬಿರುದಾವಳಿ, ದಾನಿಯ ವಂಶವರ್ಣನೆ, ಆಚಾರ್ಯರ ಗುಣಸ್ತುತಿ ಇವೆಲ್ಲ ಮುಗಿದು, ಆಚಾರ್ಯರ ಕಾಲನ್ನು ತೊಳೆದು ಧಾರಾಪೂರ್ವಕವಾಗಿ ಭೂಮಿಯನ್ನು ಕೊಟ್ಟ ಮಾತು ಬಂದೊಡನೆ ಶಾಸನದ ಭಾಷೆಯು ಕಾವ್ಯವನ್ನು ತೊರೆದು ನೆಲಕ್ಕಿಳಿಯುತ್ತದೆ. ಮೂಡಲಿಗೆ ಕೆರೆಯ ಕೋಡಿ, ತೆಂಕಲಿಗೆ ಹುಣಿಸೆಯ ಮರ, ಪಡುವಲಿಗೆ ಹಳ್ಳ, ಬಡಗಲಿಗೆ ನಟ್ಟ ಕಲ್ಲು ಎಂಬೀ ಬಗೆಯ ಒಣ ಮಾತುಗಳು ಸಾಲುಸಾಲಾಗಿ ಬರುತ್ತವೆ. ಸಾಹಿತ್ಯವನ್ನರಸಿ ಶಾಸನವನ್ನೋದುವವರು ಈ ಭಾಗವನ್ನು ದಾಟಿ ಮುಂದೆ ಹೋಗುವುದುಂಟು. ಆದರೆ ಶಾಸನವನ್ನು ಕೊರೆಯಿಸಿದವನಿಗೆ ಮುಖ್ಯವಾಗಿದ್ದುದು ಇದೇ ಭಾಗವು. ಬಿರುದುಗಳಲ್ಲಿ ಒಂದೆರಡು ಬಿಟ್ಟುಹೋದರೆ ಯಾರಿಗೂ ನಷ್ಟವಿಲ್ಲ. ಹಳ್ಳವು ಪಡುವಲಿಗಿದೆಯೋ ಮೂಡಲಿಗಿದೆಯೋ ಎಂಬುದರಲ್ಲಿ ಕೈತಪ್ಪಾದರೆ ಮಠದ ದಾಸೋಹಕ್ಕೆ ಬರಬೇಕಾದ ಕಾಳು ಬೇರೊಬ್ಬರ ಕಣಜಕ್ಕೆ ಹೋಗುವುದು.

ಇಂತಹ ಕೈತಪ್ಪುಗಳು ಎಲ್ಲ ಕಾಲದಲ್ಲಿಯೂ ಆಗಿವೆ. ಸರಕಾರದ ದಪ್ತರದಲ್ಲಿ ದಾಖಲಾಗದೆ, ನೋಂದಣಿಯಾದ ಪತ್ರವೂ ಇಲ್ಲದೆ, ಕೇವಲ ಅನುಭೋಗದಿಂದಲೇ ತಲೆಮಾರುಗಳ ವರೆಗೆ ನಡೆದುಬಂದ ದತ್ತಿಭೂಮಿಗಳ ಎಲ್ಲೆಯು ತಪ್ಪಿದಾಗ ಅದನ್ನು ಸರಿಪಡಿಸುವ ಬಗೆ ಹೇಗೆ? ದಾಖಲೆ ಇದ್ದಲ್ಲಿ ದಾಖಲೆಯನ್ನು ನೋಡಿ ತೀರ್ಮಾನಿಸಬಹುದು. ದಾಖಲೆಯೇ ಇಲ್ಲದಲ್ಲಿ, ಅಥವಾ ದಾಖಲೆಯೇ ತಪ್ಪಿದಲ್ಲಿ, ಯಾವುದನ್ನು ಪ್ರಮಾಣವೆಂದು ಹಿಡಿಯಬೇಕು? ಮಠಗಳ ಮಟ್ಟಿಗೆ ಈ ಪ್ರಶ್ನೆಯು ಇನ್ನೂ ಸೂಕ್ಷ್ಮವಾದುದು. ಏಕೆಂದರೆ ಮಠದ ಹೊಲದ ಬದುವಿನ ಆಚೆಗಿರುವವನು ಬಹುಮಟ್ಟಿಗೆ ಶತ್ರುವಲ್ಲ. ಆ ಹೊಲವನ್ನು ಮಠಕ್ಕೆ ಕೊಟ್ಟ ಭಕ್ತನ ಮೊಮ್ಮಗನೋ ಮರಿಮಗನೋ ಆಗಿರುತ್ತಾನೆ. ಅಜ್ಜನು ತನ್ನ ಹೊಲದಲ್ಲಿ ಒಂದು ಪಾಲನ್ನು ಕೊಟ್ಟಿದ್ದರಿಂದಲೇ ಇಬ್ಬರಿಗೂ ನಡುವೆ ಎಲ್ಲೆಯೊಂದು ಹುಟ್ಟಿರುತ್ತದೆ.

ಈ ವಿಷಯದಲ್ಲಿ ಪ್ರಾಚೀನವಾದೊಂದು ವ್ಯಾಜ್ಯವು ಬೆಳಗಾವಿ ಜಿಲ್ಲೆಯ ಕಿತ್ತೂರಿನ ಶಿಲಾಶಾಸನದಲ್ಲಿ ಉಳಿದುಬಂದಿದೆ. ಡಾ. ಫ್ಲೀಟರು ಇದನ್ನು 19ನೆಯ ಶತಮಾನದಲ್ಲಿ ಪ್ರಕಟಿಸಿದರು. ಗೋವೆಯ ಕದಂಬ ವಂಶದ ಮೂರನೆಯ ಜಯಕೇಶಿಯ ಆಳ್ವಿಕೆಯಲ್ಲಿ, ಎಂದರೆ 12-13ನೆಯ ಶತಮಾನಗಳ ಸಂಧಿಕಾಲದಲ್ಲಿ, ಕಿತ್ತೂರಿನ ಎರಡು ಶಿವಾಲಯಗಳ ಆಚಾರ್ಯರಿಗೆ ಒಂದು ಹೊಲದ ವಿಷಯವಾಗಿ ವಿವಾದವುಂಟಾಯಿತು. ಕಲ್ಲೇಶ್ವರ ದೇವರ ಆಚಾರ್ಯನಾದ ಶಿವಶಕ್ತಿಯು ಆ ಹೊಲವು ಕಲ್ಲೇಶ್ವರನದೆಂದನು. ಮೂಲಸ್ಥಾನ ದೇವರ ಆಚಾರ್ಯನಾದ ಕಲ್ಯಾಣಶಕ್ತಿಯು ಮೂಲಸ್ಥಾನದೇವರದೆಂದನು. ಹೊಲದ ಹೆಸರು ಆಲಕೊಳನಕೆಯಿ. ಹೆಸರೇ ಒಂದು ಆಲದ ಮರವನ್ನೂ ಒಂದು ಕೊಳವನ್ನೂ ಕಣ್ಣಿಗೆ ಕಟ್ಟುವಂತಿದೆ. ಇಬ್ಬರೂ ದಂಡನಾಯಕ ಈಶ್ವರನ ಸಮ್ಮುಖದಲ್ಲಿ ಫಲದಿವ್ಯಕ್ಕೆ ಒಡಂಬಟ್ಟರು. ಫಲವೆಂದರೆ ನೇಗಿಲ ಗುಳ. ಅದನ್ನು ಕೆಂಪಗೆ ಕಾಯಿಸಿ, ಒಬ್ಬೊಬ್ಬರಾಗಿ ಕೈಯಲ್ಲಿ ಹಿಡಿದು, ಹೊಲವು ತಮ್ಮ ದೇವರದೆಂದು ಪ್ರಮಾಣ ಮಾಡಿದರು. ಮರುದಿನ ದಂಡನಾಯಕನು ಊರ ಪ್ರಮುಖರೊಡನೆ ಕುಳಿತು ಇಬ್ಬರ ಅಂಗೈಗಳನ್ನೂ ಪರೀಕ್ಷಿಸಿ, ಕಲ್ಯಾಣಶಕ್ತಿಯು ಸೋತನೆಂದೂ ಹೊಲವು ಕಲ್ಲೇಶ್ವರನದೆಂದೂ ತೀರ್ಪು ಕೊಟ್ಟನು.

ಇಬ್ಬರೂ ಶೈವಾಚಾರ್ಯರು, ಇಬ್ಬರೂ ತಮ್ಮ ಸ್ವಂತಕ್ಕಲ್ಲದೆ ದೇವರಿಗಾಗಿ ಬೆಂಕಿಯನ್ನು ಹಿಡಿದವರು. ಕಲ್ಯಾಣಶಕ್ತಿಯು ಸುಳ್ಳಾಡಿದನೆಂದು ಇಂದಿನವರು ಹೇಳಲಾಗದು. ಆತನು ತನಗಿಂತ ಹಿಂದಿನವರಿಂದ ಕೇಳಿದುದನ್ನೇ ನಂಬಿದ್ದಿರಬಹುದು. ಆಲಕೊಳನಕೆಯಿಯ ನಾಲ್ಕು ದಿಕ್ಕಿನ ಹೊಲದವರು ಯಾರು, ಅವರನ್ನು ಕೇಳಿದರೋ ಇಲ್ಲವೋ, ಎಂಬ ಪ್ರಶ್ನೆಯು ಆ ಕಥೆಯನ್ನೋದಿದವರ ಮನಸ್ಸಿನಲ್ಲಿ ಏಳದೆ ಇರದು.

ಈ ಪ್ರಶ್ನೆಯು ಧರ್ಮಶಾಸ್ತ್ರಕಾರರಿಗೂ ತೋರಿದ್ದಿತು. ಕಿತ್ತೂರಿನ ದಿವ್ಯಕ್ಕೆ ಸುಮಾರು ನೂರು ವರ್ಷಗಳ ಹಿಂದೆಯೇ ಕಲ್ಯಾಣ ಪಟ್ಟಣದಲ್ಲಿ, ಆರನೆಯ ವಿಕ್ರಮಾದಿತ್ಯನ (1076-1126) ಆಶ್ರಯದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಮುಂದೆ ಶರಣರ ಸಂಗದಿಂದ ಪಾವನವಾದ ಕಲ್ಯಾಣವೇ ಅದು. ಯಾಜ್ಞವಲ್ಕ್ಯನ ಮತದಂತೆ ಲಿಖಿತ, ಭುಕ್ತಿ, ಸಾಕ್ಷಿ ಈ ಮೂರು ಪ್ರಮಾಣಗಳು; ಇವುಗಳಲ್ಲಿ ಒಂದೂ ಇಲ್ಲದಾಗ ಮಾತ್ರ ದಿವ್ಯ. ಅದರಲ್ಲಿಯೂ ಸ್ಥಾವರ ಆಸ್ತಿಯ ವಿವಾದಗಳಲ್ಲಿ ದಿವ್ಯವನ್ನು ವರ್ಜಿಸಬೇಕೆಂದು ಪಿತಾಮಹನ ವಚನವೊಂದುಂಟು. ಮಿತಾಕ್ಷರೆಯು ಆ ವಚನವನ್ನೆತ್ತಿಕೊಂಡು, ನೆರೆಹೊಲದವರೇ ಮೊದಲಾದ ಸಾಕ್ಷಿಗಳು ದೊರೆಯುವಲ್ಲಿ ದಿವ್ಯಕ್ಕೆ ಎಡೆಯಿಲ್ಲವೆಂಬ ಅಭಿಪ್ರಾಯವನ್ನು ತಿಳಿಸುತ್ತದೆ. ಭೂಮಿಯು ಓಡಿಹೋಗುವ ವಸ್ತುವಲ್ಲ. ಅದರ ಸುತ್ತ ಜನರಿದ್ದಾರೆ. ಅವರು ದಿನವೂ ಅದನ್ನು ನೋಡುತ್ತಾರೆ. ಅಂತಹದಕ್ಕೆ ಬೆಂಕಿಯ ಸಾಕ್ಷ್ಯವೇಕೆ ಎಂಬುದು ಶಾಸ್ತ್ರಕಾರರ ಭಾವವಿರಬೇಕು.

ಸ್ಮೃತಿಗಳ ಸೀಮಾವಿವಾದ ಪ್ರಕರಣವು ಓದತಕ್ಕುದಾಗಿದೆ. ಎಲ್ಲೆಯ ವಿಷಯದಲ್ಲಿ ಕೇಳಬೇಕಾದವರು ಯಾರೆಂದರೆ ಮೊದಲು ಸಾಮಂತರು. ಇಲ್ಲಿ ಸಾಮಂತರೆಂದರೆ ಮಾಂಡಲಿಕರಲ್ಲ, ಎಲ್ಲೆಗೆ ಹೊಂದಿಕೊಂಡಿರುವ ನೆರೆಹೊಲದವರು. ಅವರ ಜೊತೆಗೆ ಊರ ವೃದ್ಧರು, ದನಕಾಯುವವರು, ಎಲ್ಲೆಯ ಬಳಿ ಉಳುವವರು, ಕಾಡಿನಲ್ಲಿ ತಿರುಗುವವರು. ಆಸ್ಥಾನದಲ್ಲಿ ಕುಳಿತವರಿಗೆ ಈ ಪಟ್ಟಿಯಲ್ಲಿ ಸ್ಥಾನವಿಲ್ಲವೆಂಬುದನ್ನು ಗಮನಿಸಬೇಕು. ನಾಲ್ವರೋ ಎಂಟು ಮಂದಿಯೋ ಹತ್ತು ಮಂದಿಯೋ ಸಾಮಂತರು ಕೆಂಪು ಹೂಮಾಲೆಯನ್ನು ಧರಿಸಿ, ಕೆಂಪು ವಸ್ತ್ರವನ್ನುಟ್ಟು, ತಲೆಯ ಮೇಲೆ ಮಣ್ಣನ್ನು ಹೊತ್ತು, ಎಲ್ಲೆಯ ಮೇಲೆ ನಡೆದು ತೋರಿಸಬೇಕು. ಅವರು ನಡೆದ ದಾರಿಯೇ ಎಲ್ಲೆ. ಸುಳ್ಳಾಡಿದರೆ ದಂಡ. ಕುಳಿತು ಹೇಳುವುದಲ್ಲ, ನಡೆದು ತೋರಿಸುವುದು. ಅದೂ ಊರೆಲ್ಲ ನೋಡುತ್ತಿರುವಾಗ.

ಎಲ್ಲೆಯನ್ನು ಗುರುತಿಸುವ ಚಿಹ್ನೆಗಳು ಎರಡು ವಿಧ. ಮರ, ಹುತ್ತ, ಏರಿ, ಕೆರೆ, ಬಾವಿ ಇವು ಪ್ರಕಟ ಚಿಹ್ನೆಗಳು. ಇವು ಕಾಲಕ್ರಮದಲ್ಲಿ ಬೀಳಬಹುದು, ಹೂಳಬಹುದು, ಯಾರಾದರೂ ಕೆಡಿಸಲೂಬಹುದು. ಆದಕಾರಣ ಮನುಸ್ಮೃತಿಯು ಗುಪ್ತ ಚಿಹ್ನೆಗಳನ್ನೂ ಹೇಳುತ್ತದೆ: ಕಲ್ಲು, ಎಲುಬು, ಹಸುವಿನ ಕೂದಲು, ಹೊಟ್ಟು, ಬೂದಿ, ಮಡಕೆಯ ಚೂರು, ಇಟ್ಟಿಗೆ, ಇದ್ದಿಲು, ಮರಳು ಇಂತಹ ವಸ್ತುಗಳನ್ನು ಎಲ್ಲೆಯಲ್ಲಿ ಹೂಳಿಡಬೇಕು. ಇವುಗಳಲ್ಲಿ ಬಹಳಷ್ಟು ಮಣ್ಣಿನೊಳಗೆ ಬೇಗ ಕರಗದಂತಹವು. ಇದ್ದಿಲಂತೂ ಶತಮಾನಗಳ ವರೆಗೆ ಇದ್ದಿಲಾಗಿಯೇ ಉಳಿಯುವುದು. ಎಲ್ಲೆಯ ನಿರ್ಣಯವನ್ನು ಜ್ಯೇಷ್ಠಮಾಸದಲ್ಲಿ ಮಾಡತಕ್ಕದ್ದೆಂದೂ ಹೇಳಿದೆ. ಆಗ ಪೈರಿಲ್ಲ, ಹುಲ್ಲಿಲ್ಲ; ಬದುವೂ ಕಟ್ಟೆಯೂ ಚೆನ್ನಾಗಿ ಕಾಣುತ್ತವೆ. ಇಂದಿಗೂ ಹಳ್ಳಿಗಳಲ್ಲಿ ಬದುವಿನ ಮಾತು ಮುಂಗಾರಿನ ಮುಂಚೆ ಏಳುತ್ತದೆ.

ಶಾಸನಗಳಲ್ಲಿ ಕಂಡುಬರುವ ಪದ್ಧತಿಯು ಇದರಿಂದ ದೂರವಾದುದಲ್ಲ. ದಾನಕೊಟ್ಟ ಭೂಮಿಯ ಅಳತೆಯನ್ನು ಮತ್ತರು, ಕಮ್ಮ ಎಂಬ ಮಾನಗಳಲ್ಲಿ ಹೇಳಿರುವುದು ನಿಜ. ಆದರೆ ಅಳೆಯುವ ಗಳೆಯು ಸೀಮೆಯಿಂದ ಸೀಮೆಗೆ ಬೇರೆಯಾಗಿದ್ದಿತು. ಬಳ್ಳಿಗಾವೆಯಲ್ಲಿ 1047ರಲ್ಲಿ ಚಾವುಂಡರಾಯನು ನಿಲ್ಲಿಸಿದ ಗಂಡಭೇರುಂಡ ಸ್ತಂಭವಿದೆಯಷ್ಟೆ. ಆ ಭಾಗದ ಶಾಸನಗಳಲ್ಲಿ ಭೇರುಂಡಗಳೆ ಎಂಬ ಅಳತೆಗೋಲಿನ ಹೆಸರು ಬರುತ್ತದೆ. ಇನ್ನು ಬೀಜವರಿಯಲ್ಲಿ ಹೇಳಿದರಂತೂ, ಒಂದು ಖಂಡುಗ ಬೀಜ ಹಿಡಿಯುವ ನೆಲವೆಂದರೆ ಎರೆಯಲ್ಲಿ ಒಂದಷ್ಟು, ಮಸಬಿನಲ್ಲಿ ಮತ್ತೊಂದಷ್ಟು. ಆದ್ದರಿಂದ ಅಳತೆಯು ಅಂದಾಜಿನ ಮಾತಾಗಿಯೂ ಚತುಸ್ಸೀಮೆಯು ನಿಶ್ಚಯದ ಮಾತಾಗಿಯೂ ಇದ್ದಿತು. ಆ ಸೀಮೆಗೆ ಕಾವಲಾಗಿ ಕಲ್ಲು ನೆಡುತ್ತಿದ್ದರು. ಶಿವಾಲಯಕ್ಕೂ ಮಠಕ್ಕೂ ಬಿಟ್ಟ ಭೂಮಿಗೆ ಲಿಂಗಮುದ್ರೆಯ ಕಲ್ಲು, ವೈಷ್ಣವ ದತ್ತಿಗೆ ವಾಮನಮುದ್ರೆಯ ಕಲ್ಲು, ಜೈನ ಬಸದಿಯ ಭೂಮಿಗೆ ಮುಕ್ಕೊಡೆಯ ಕಲ್ಲು. ಓದುಬರಹ ಬಾರದ ಉಳುವವನಿಗೂ ಈ ಕಲ್ಲುಗಳ ಭಾಷೆ ತಿಳಿಯುತ್ತಿದ್ದಿತು. ಕೆಳದಿಯ ಅರಸರು ಮಹತ್ತಿನ ಮಠಗಳಿಗೆ ಕೊಟ್ಟ ದತ್ತಿಗಳಲ್ಲಿಯೂ ಲಿಂಗಮುದ್ರೆಯ ಕಲ್ಲುಗಳ ಪ್ರಸ್ತಾಪವು ಬರುತ್ತದೆ. ಆ ವಂಶದ ಶಿವಪ್ಪನಾಯಕನು (1645-1660) ಭೂಮಿಯ ಗುಣವನ್ನೂ ಉತ್ಪನ್ನವನ್ನೂ ಪರಿಶೀಲಿಸಿ ಶಿಸ್ತನ್ನು ಗೊತ್ತುಮಾಡಿದುದು ಪ್ರಸಿದ್ಧವಾಗಿದೆ. ಆದರೆ ಆ ಶಿಸ್ತು ತೆರಿಗೆಯ ಲೆಕ್ಕವೇ ಹೊರತು ಪ್ರತಿಯೊಂದು ಹೊಲದ ನಕಾಶೆಯಲ್ಲ.

ನಕಾಶೆಯು ಬಂದುದು ಕುಂಪಣಿ ಸರಕಾರದ ಕಾಲದಲ್ಲಿ. 1818ರಲ್ಲಿ ಪೇಶವೆಯರ ರಾಜ್ಯವು ಅಳಿದ ಬಳಿಕ ಮುಂಬಯಿ ಸರಕಾರವು ದಖ್ಖನದ ಭೂಮಿಯನ್ನು ಅಳೆಯಲು ತೊಡಗಿತು. ಪ್ರಿಂಗಲ್ ಎಂಬ ಅಧಿಕಾರಿಯು 1820ರ ದಶಕದಲ್ಲಿ ನಡೆಯಿಸಿದ ಮೊದಲ ಮೋಜಣಿಯು ತಪ್ಪುಗಳಿಂದ ತುಂಬಿ ವಿಫಲವಾಯಿತು. ಬಳಿಕ 1835ರಿಂದ ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬಿಬ್ಬರು ಪುಣೆ ಜಿಲ್ಲೆಯ ಇಂದಾಪುರ ತಾಲೂಕಿನಲ್ಲಿ ಹೊಸ ಕ್ರಮವನ್ನಾರಂಭಿಸಿದರು. 1840ರ ದಶಕದಲ್ಲಿ ಅದು ಧಾರವಾಡ ಸೀಮೆಗೂ ಬಂದಿತು. 1847ರ ಜಂಟಿ ವರದಿಯಲ್ಲಿ ಅದರ ನಿಯಮಗಳು ಸ್ಥಿರಗೊಂಡವು. ಮೈಸೂರು ಸೀಮೆಯಲ್ಲಿ ಇದೇ ಮಾದರಿಯ ಮೋಜಣಿಯು 1863ರಲ್ಲಿ ಮೊದಲಾಯಿತು.

ಈ ಮೋಜಣಿಯ ಮುಖ್ಯ ಆಯುಧವು 33 ಅಡಿಯ ಕಬ್ಬಿಣದ ಸರಪಳಿ. ಅದಕ್ಕೆ 16 ಆಣೆಗಳು. ಒಂದು ಆಣೆಗೆ ಎರಡು ಅಡಿ ಮುಕ್ಕಾಲು ಅಂಗುಲ. ಒಂದು ಸರಪಳಿ ಉದ್ದ ಒಂದು ಸರಪಳಿ ಅಗಲದ ಚೌಕವು ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಪ್ರತಿಯೊಂದು ಹೊಲಕ್ಕೂ ನಂಬರು ಕೊಟ್ಟು, ಮೂಲೆಗಳಲ್ಲಿ ಬಾಂದುಕಲ್ಲು ನೆಟ್ಟು, ಅಳತೆಯನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟರು. ಕೆಲಸವು ಸಾಮಾನ್ಯವಾಗಿ ಶ್ರದ್ಧೆಯಿಂದ ನಡೆಯಿತೆಂದೇ ಹೇಳಬೇಕು. ಗೌಡ ಕುಲಕರ್ಣಿಯರ ಬಾಯಲ್ಲಿ ಮಾತ್ರ ಇದ್ದ ಎಲ್ಲೆಯು ಬಡ ರೈತನೂ ಎತ್ತಿ ತೋರಿಸಬಹುದಾದ ಬರಹವಾಯಿತು. ಇದು ಸಣ್ಣ ಉಪಕಾರವಲ್ಲ.

ಆದರೂ ಸರಪಳಿಯು ಮನುಷ್ಯನ ಕೈಯಲ್ಲಿಯ ವಸ್ತು. ದಿನವೂ ಎಳೆದಾಡಿದ ಸರಪಳಿಯ ಕೊಂಡಿಗಳು ಸಡಿಲಿ ಅದು ನೂರಕ್ಕೊಂದು ಪಾಲು ಉದ್ದವಾಯಿತೆಂದಿಟ್ಟುಕೊಳ್ಳೋಣ. ಉದ್ದದಲ್ಲಿ ಒಂದು, ಅಗಲದಲ್ಲಿ ಒಂದು, ಕೂಡಿ ಕ್ಷೇತ್ರಫಲದಲ್ಲಿ ನೂರಕ್ಕೆರಡು ಪಾಲು ಕಡಿಮೆ ಬರುವುದು. 20 ಎಕರೆಯ ಹೊಲದಲ್ಲಿ 16 ಗುಂಟೆ ಬರಹದಿಂದ ಮಾಯವಾಗುವುದು. ನೆಲದ ಮೇಲೆ ಅದು ಇದ್ದೇ ಇರುತ್ತದೆ. ಹಾಗೆಯೇ ನೇಗಿಲಿನ ತಪ್ಪು. ಬದುವಿನ ಉದ್ದವು 20 ಸರಪಳಿ, ಎಂದರೆ 660 ಅಡಿ ಇದ್ದು, ಉಳುವವನು ವರ್ಷಕ್ಕೊಂದು ಗೇಣು, ಎಂದರೆ 9 ಅಂಗುಲದಷ್ಟು ಬದುವನ್ನು ತನ್ನ ಕಡೆಗೆ ಕೆತ್ತಿಕೊಂಡರೆ 11 ವರ್ಷಗಳಲ್ಲಿ ಸರಿಯಾಗಿ 5 ಗುಂಟೆ ನೆಲವು ಸದ್ದಿಲ್ಲದೆ ಕೈಬದಲಾಗುವುದು. ಹೀಗೆ ಮಾಡುವವನು ತಾನು ಕದಿಯುತ್ತಿದ್ದೇನೆಂದು ಎಣಿಸಿರುವುದಿಲ್ಲ.

ಇವು ಅಳತೆಯ ದೋಷಗಳು. ದತ್ತಿಭೂಮಿಗಳಿಗೆ ಬೇರೊಂದು ದೋಷವು ಅಂಟಿಕೊಂಡಿದ್ದಿತು. ಮೋಜಣಿಯು ಕಂದಾಯಕ್ಕಾಗಿ ಹುಟ್ಟಿದುದು. ಕಂದಾಯ ಬಾರದ ನೆಲವನ್ನು ಅಳೆಯುವುದರಲ್ಲಿ ಸರಕಾರಕ್ಕೆ ಆತುರವಿರಲಿಲ್ಲ. ಇಡೀ ಗ್ರಾಮವೇ ಇನಾಮಾಗಿದ್ದಲ್ಲಿ, ಇನಾಮುದಾರನು ಕೇಳಿಕೊಂಡ ಹೊರತು ಮೋಜಣಿಯು ಆ ಗ್ರಾಮದೊಳಕ್ಕೆ ಕಾಲಿಡುತ್ತಿರಲಿಲ್ಲ. ಇದರಿಂದಾಗಿ ಒಂದು ಕಡೆ ಸರಕಾರಿ ಗ್ರಾಮ, ಇನ್ನೊಂದು ಕಡೆ ಮಠದ ಇನಾಮು ಗ್ರಾಮ ಇದ್ದಲ್ಲಿ ಎಲ್ಲೆಯ ಒಂದು ಮಗ್ಗುಲಿಗೆ ಮಾತ್ರ ಅಳತೆಯಾಗುವುದು. ಸರಕಾರಿ ಗ್ರಾಮದ ಕಡೆಯ ನಂಬರು ಎಲ್ಲಿಗೆ ಮುಗಿಯಿತೋ ಅಲ್ಲಿಗೆ ಕಲ್ಲು ಬಿದ್ದಿತು. ಆಚೆಯ ಮಗ್ಗುಲಿನ ಲಿಂಗಮುದ್ರೆಯ ಕಲ್ಲು ನಕಾಶೆಯಲ್ಲಿ ಬರದೆ ಹೋಗಬಹುದಾಗಿದ್ದಿತು. ಎರಡು ತಲೆಮಾರು ಕಳೆದು ಇನಾಮು ಗ್ರಾಮವನ್ನೂ ಅಳೆಯಲು ಬಂದಾಗ, ಎರಡು ನಕಾಶೆಗಳನ್ನು ಜೋಡಿಸಿದರೆ ನಡುವೆ ಯಾರಿಗೂ ಸೇರದ ಒಂದು ಪಟ್ಟಿ ಉಳಿಯುವುದು, ಇಲ್ಲವೆ ಒಂದೇ ಪಟ್ಟಿಯು ಇಬ್ಬರಿಗೂ ಸೇರಿಬಿಡುವುದು. ಅದು ನೆಲದ ಬಿರುಕಲ್ಲ, ಕಾಗದದ ಬಿರುಕು. ಅದರ ಫಲವನ್ನುಣ್ಣಬೇಕಾದವರು ಮಾತ್ರ ನೆಲದ ಮೇಲಿನವರು.

ಇದರ ಮೇಲೆ ಇನಾಮು ಕಮಿಷನ್ ಬಂದಿತು. 1852ರ 11ನೆಯ ಕಾಯಿದೆಯು ಇನಾಮುಗಳ ಹಕ್ಕನ್ನು ಪರೀಕ್ಷಿಸುವ ಅಧಿಕಾರವನ್ನು ಆ ಕಮಿಷನ್ನಿಗೆ ಕೊಟ್ಟಿತು. ಸನ್ನದು ತೋರಿಸು, ಇಲ್ಲದಿದ್ದರೆ ಕುಂಪಣಿಯ ಆಳ್ವಿಕೆಗೆ ಮುಂಚೆ 60 ವರ್ಷ ಅಥವಾ 40 ವರ್ಷಗಳಿಂದ ಗೊತ್ತಾದ ವಾರಸುದಾರಿಕೆಯಲ್ಲಿ ಅನುಭವಿಸಿದ್ದನ್ನು ಸಿದ್ಧಪಡಿಸು ಎಂಬುದು ವ್ಯಕ್ತಿಗಳ ಇನಾಮಿನ ವಿಷಯದಲ್ಲಿ ಅದರ ಸಾರ. ದೇವಸ್ಥಾನ ಮಠಗಳಂತಹ ಸ್ಥಿರ ಸಂಸ್ಥೆಗಳನ್ನು ಬೇರೆಯಾಗಿ ಎಣಿಸಿದರೂ ಭೂಮಿಯು ಸಂಸ್ಥೆಯದೋ ಸ್ವಾಮಿಗಳ ಸ್ವಂತದ್ದೋ ಎಂಬ ತೊಡಕು ಉಳಿಯುತ್ತಿದ್ದಿತು. ಬರಗಾಲ, ಪೆಂಡಾರಿಗಳ ಹಾವಳಿ, ಬೆಂಕಿ, ಗೆದ್ದಲು ಇವುಗಳ ಬಾಯಿಂದ ಎಷ್ಟು ಮನೆಗಳ ಓಲೆಕಾಗದಗಳು ಉಳಿದಿದ್ದಾವು! 1857ರ ಪೂರ್ವದ ಐದು ವರ್ಷಗಳಲ್ಲಿ ಸುಮಾರು 35,000 ಇನಾಮುಗಳನ್ನು ವಿಚಾರಣೆಗೆ ತೆಗೆದುಕೊಂಡು ಐದರಲ್ಲಿ ಮೂರು ಪಾಲನ್ನು ಮುಟ್ಟುಗೋಲು ಹಾಕಿದರೆಂದು ಆ ದಂಗೆಯ ಇತಿಹಾಸವನ್ನು ಬರೆದ ಕೇ ಎಂಬ ಆಂಗ್ಲ ಲೇಖಕನೇ ಹೇಳಿದ್ದಾನೆ. 1858ರಲ್ಲಿ ನರಗುಂದದ ಬಾಬಾಸಾಹೇಬನು ಎದ್ದಾಗ ಹತನಾದ ಮ್ಯಾನ್ಸನ್ನನು ಹಿಂದೆ ಇನಾಮು ಕಮಿಷನ್ನಿನಲ್ಲಿ ಕೆಲಸ ಮಾಡಿದವನು. ನರಗುಂದದ ದಂಗೆಗೆ ದತ್ತಕದ ನಿರಾಕರಣೆಯು ಮುಖ್ಯ ಕಾರಣವಾದರೂ ಸೀಮೆಯ ಜನರ ಮನಸ್ಸು ಕಹಿಯಾದುದರಲ್ಲಿ ಕಮಿಷನ್ನಿನ ಪಾಲು ಕಡಿಮೆಯದಲ್ಲ. 1863ರಲ್ಲಿ ಸಂಕ್ಷಿಪ್ತ ಇತ್ಯರ್ಥದ ಕಾಯಿದೆಗಳು ಬಂದು ವಿಚಾರಣೆಯ ಕಾಠಿಣ್ಯವು ತಗ್ಗಿತು.

ಈ ಎಲ್ಲ ವರ್ಷಗಳಲ್ಲಿಯೂ ಹಳ್ಳಿಗಳಲ್ಲಿ ಭಕ್ತರು ದಾನ ಕೊಡುವುದನ್ನು ನಿಲ್ಲಿಸಲಿಲ್ಲ. ತಂದೆಯ ಪುಣ್ಯತಿಥಿಗೋ, ಹರಕೆ ಸಂದಿತೆಂದೋ, ಜಾತ್ರೆಯ ದಾಸೋಹಕ್ಕೆಂದೋ, ಜಂಗಮರ ಹಸ್ತಕ್ಕೆ ನೀರೆರೆದು ಹೊಲದ ಒಂದು ಕೊನೆಯನ್ನು ಬಿಟ್ಟುಕೊಡುವುದು ನಡೆದೇ ಇದ್ದಿತು. ಅದಕ್ಕೆ ಊರ ಹಿರಿಯರ ಸಮಕ್ಷಮವೇ ಸಾಕ್ಷಿ. ನೋಂದಣಿಯ ಮೊದಲ ಸಮಗ್ರ ಕಾಯಿದೆಯು 1864ರಲ್ಲಿ ಬಂದಿತು. ಸ್ಥಿರಾಸ್ತಿಯ ದಾನಕ್ಕೆ ನೋಂದಣಿಯಾದ ಪತ್ರವೂ ಇಬ್ಬರು ಸಾಕ್ಷಿಗಳೂ ಬೇಕೆಂದು ವಿಧಿಸಿದ 1882ರ ಸ್ವತ್ತಿನ ವರ್ಗಾವಣೆಯ ಕಾಯಿದೆಯು ಮುಂಬಯಿ ಪ್ರಾಂತಕ್ಕೆ ಅನ್ವಯವಾದುದು 1893ರಿಂದ. ಅದಕ್ಕೂ ಮುಂಚಿನ ಬಾಯಿಮಾತಿನ ದಾನಗಳು, ಸ್ವಾಧೀನವನ್ನು ಕೊಟ್ಟಿದ್ದಲ್ಲಿ, ಹಿಂದೂ ಧರ್ಮಶಾಸ್ತ್ರದ ಪ್ರಕಾರ ಸಿಂಧುವಾದವುಗಳೇ. ಆದರೆ ಸಿಂಧುವಾಗಿರುವುದು ಬೇರೆ, ಕಾಣಿಸುವುದು ಬೇರೆ. ಮೋಜಣಿಯ ನಂಬರು ದಾನಿಯ ಹೆಸರಿನಲ್ಲಿಯೇ ಉಳಿದಿರುತ್ತಿದ್ದಿತು. ಹತ್ತು ಎಕರೆಯ ನಂಬರಿನಲ್ಲಿ ಎರಡು ಎಕರೆ ಮಠದ್ದೆಂಬುದನ್ನು ನಡುವಣ ಬದುವು ಮಾತ್ರ ಬಲ್ಲುದು. ದಾನಿಯ ಮಗನು ಆ ಬದುವನ್ನು ಕಾಯ್ದನು. ಮೊಮ್ಮಗನ ಕಾಲಕ್ಕೆ ಹೊಲವನ್ನು ಮಾರುವ ಸಂದರ್ಭವೊದಗಿದರೆ, ಕಾಗದದಲ್ಲಿದ್ದಂತೆ ಹತ್ತು ಎಕರೆಯೂ ಪತ್ರದೊಳಗೆ ಸೇರಿ ನೋಂದಣಿಯಾಗಿಹೋಗುವುದು. ಮಾರಿದವನು ಮೋಸಗಾರನಲ್ಲ, ಕೊಂಡವನೂ ಅಲ್ಲ, ಬರೆದ ಕುಲಕರ್ಣಿಯೂ ತನ್ನ ಪುಸ್ತಕದಲ್ಲಿದ್ದುದನ್ನೇ ಬರೆದವನು. ಆದರೂ ಮರುವರ್ಷ ಬಿತ್ತನೆಗೆ ಹೋದ ಮಠದ ಆಳಿಗೆ ಬದುವಿನ ಮೇಲೆ ಹೊಸ ನೇಗಿಲು ಕಾಣುವುದು.

ಇಂತಹ ದೋಷವನ್ನು ತಿದ್ದುವುದಕ್ಕೆ ಆಂಗ್ಲ ಕಾಯಿದೆಗಳು ಕಲ್ಪಿಸಿದ ಮಾರ್ಗಗಳು ಪರಿಶೀಲನಾರ್ಹವಾಗಿವೆ. 1879ರ ಮುಂಬಯಿ ಭೂಕಂದಾಯ ಸಂಹಿತೆಯ ಪ್ರಕಾರ ಲೇಖನದ ಕೈತಪ್ಪನ್ನೂ, ಸಂಬಂಧಪಟ್ಟ ಪಕ್ಷದವರೆಲ್ಲರೂ ಒಪ್ಪಿಕೊಂಡ ತಪ್ಪನ್ನೂ ಅಧಿಕಾರಿಯು ತಿದ್ದಬಹುದು. ಈ ಎರಡನೆಯ ಮಾತು ಬಹಳ ಬೆಲೆಯುಳ್ಳದ್ದು. ನೆರೆಯವರಿಬ್ಬರೂ ಕೂಡಿ ಹೋಗಿ, ಇದು ತಪ್ಪಾಗಿದೆಯೆಂದರೆ ವ್ಯಾಜ್ಯದ ಕಾರಣವೇ ಇಲ್ಲ. ಒಪ್ಪದಿದ್ದಲ್ಲಿ ಹೊಲದ ಎಲ್ಲೆಯನ್ನು ಮೋಜಣಿಯ ದಾಖಲೆಗಳಿಂದ ನಿರ್ಣಯಿಸಬೇಕು. ಅವುಗಳಿಂದ ಆಗದಿದ್ದರೆ ದೊರೆಯುವ ಇತರ ಸಾಕ್ಷ್ಯದಿಂದ. ಪಂಚರ ತೀರ್ಮಾನಕ್ಕೆ ಒಪ್ಪಿಸುವುದಕ್ಕೂ ಅವಕಾಶವಿದ್ದಿತು. ಬಾಂದುಕಲ್ಲನ್ನು ಕಿತ್ತವನಿಗೆ ದಂಡವಿದ್ದಿತು.

1903ರ ಹಕ್ಕುದಾಖಲೆಯ ಕಾಯಿದೆಯು ಇನ್ನೊಂದು ಬಾಗಿಲನ್ನು ತೆರೆಯಿತು. ಭೂಮಿಯಲ್ಲಿ ಹಕ್ಕು ಪಡೆದವನು ಊರ ಲೆಕ್ಕಿಗನಿಗೆ ಬಾಯಿಮಾತಿನಿಂದಲಾದರೂ ವರ್ದಿ ಕೊಡಬಹುದು, ಲೆಕ್ಕಿಗನು ಅದನ್ನು ಬರೆದುಕೊಂಡು ಸಂಬಂಧಪಟ್ಟವರಿಗೆ ನೋಟೀಸು ಕೊಡುವನು, ತಕರಾರಿದ್ದರೆ ವಿಚಾರಣೆಯಾಗುವುದು. ಹಳೆಯ ಬಾಯಿದಾನಗಳಿಗೆ ದಪ್ತರದೊಳಗೆ ಬರಲು ಹೀಗೆ ಒಂದು ದಾರಿಯಾಯಿತು. ದಾನ ಕೊಟ್ಟವನ ಮಕ್ಕಳು ಬದುಕಿರುವಾಗಲೇ ವರ್ದಿ ಕೊಟ್ಟ ಮಠಗಳಿಗೆ ತೊಂದರೆ ಕಡಿಮೆಯಾಯಿತು. ಭಕ್ತರ ಮಾತಿನ ಮೇಲೆ ವಿಶ್ವಾಸವಿಟ್ಟು ವರ್ದಿಯೇಕೆಂದು ಸುಮ್ಮನಿದ್ದವರ ಸ್ಥಿತಿ ಬೇರೆಯಾಯಿತು. ಅವರದು ಆಲಸ್ಯವೆಂದು ಹೇಳಲಾಗದು. ಕೊಟ್ಟವರ ಮುಂದೆ ಕಾಗದ ಚಾಚುವುದು ಅವರಿಗೆ ಸಂಕೋಚವೆನಿಸಿದ್ದಿರಬೇಕು. ಆದರೆ ಆ ಸಂಕೋಚದ ಬೆಲೆಯನ್ನು ತೆತ್ತವರು ಮುಂದಿನ ತಲೆಮಾರಿನ ಎರಡೂ ಕಡೆಯವರು.

ನ್ಯಾಯಾಲಯಗಳು ಕಾಲಕ್ರಮದಲ್ಲಿ ಎರಡು ತತ್ತ್ವಗಳನ್ನು ನೆಲೆಗೊಳಿಸಿದವು. ಕಂದಾಯ ದಾಖಲೆಯ ನಮೂದು ತಾನಾಗಿಯೇ ಒಡೆತನವನ್ನು ಹುಟ್ಟಿಸುವುದಿಲ್ಲ. ವಿರುದ್ಧವು ಸಿದ್ಧವಾಗುವ ವರೆಗೆ ಅದನ್ನು ನಿಜವೆಂದು ಭಾವಿಸಬೇಕು, ಅಷ್ಟೆ. ಇದು ಮೊದಲನೆಯದು. ಪತ್ರದಲ್ಲಿ ಬರೆದ ಕ್ಷೇತ್ರಫಲಕ್ಕೂ ಚೆಕ್ಕುಬಂದಿಗೂ ವಿರೋಧ ಬಂದಲ್ಲಿ, ಚೆಕ್ಕುಬಂದಿಯು ಸ್ಪಷ್ಟವಾಗಿದ್ದರೆ, ಸಾಮಾನ್ಯವಾಗಿ ಅದೇ ಮೇಲುಗೈ. ಇದು ಎರಡನೆಯದು. ಮೂಡಲಿಗೆ ಹಳ್ಳವೆಂದು ಬರೆದು ಎರಡು ಎಕರೆಯೆಂದೂ ಬರೆದಿದ್ದು, ಅಳೆದರೆ ಹಳ್ಳದ ವರೆಗೆ ಎರಡೂಕಾಲು ಎಕರೆ ಬಂದಲ್ಲಿ, ಭೂಮಿಯು ಹಳ್ಳದ ವರೆಗೆ ಸಲ್ಲುವುದು. ಮತ್ತರಿನ ಸಂಖ್ಯೆಗಿಂತ ಕೋಡಿಯನ್ನೂ ಹುಣಿಸೆಯನ್ನೂ ಹಳ್ಳವನ್ನೂ ನೆಚ್ಚಿದ ಶಾಸನಕಾರರ ವಿವೇಕವು ಸರಪಳಿಯ ಯುಗದಲ್ಲಿಯೂ ಹೀಗೆ ಬಿದ್ದುಹೋಗಲಿಲ್ಲ. ಇದರ ಜೊತೆಗೆ 12 ವರ್ಷಗಳ ಕಾಲಾವಧಿಯ ನಿಯಮವೊಂದುಂಟು. ಅನ್ಯನು ತನ್ನದೆಂದು ಬಹಿರಂಗವಾಗಿ 12 ವರ್ಷ ಅನುಭವಿಸಿದ ಬಳಿಕ ಎಚ್ಚೆತ್ತವನಿಗೆ ಸಾಮಾನ್ಯವಾಗಿ ಬಾಗಿಲು ಮುಚ್ಚಿರುತ್ತದೆ. ವರ್ಷಕ್ಕೊಂದು ಗೇಣಿನ ಲೆಕ್ಕವನ್ನು ಇಲ್ಲಿ ಮತ್ತೆ ನೆನೆಯಬಹುದು.

ಸ್ವಾತಂತ್ರ್ಯಾನಂತರದ ಬದಲಾವಣೆಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಮೈಸೂರು ರಾಜ್ಯದಲ್ಲಿ 1954ರಲ್ಲಿ ವೈಯಕ್ತಿಕ ಇನಾಮುಗಳೂ 1955ರಲ್ಲಿ ಧಾರ್ಮಿಕ ಇನಾಮುಗಳೂ ಕಾಯಿದೆಯಿಂದ ರದ್ದಾದವು. ಏಕೀಕರಣದ ಮೇಲೆ 1964ರ ಭೂಕಂದಾಯ ಕಾಯಿದೆಯು ಇಡೀ ರಾಜ್ಯಕ್ಕೆ ಒಂದೇ ಕ್ರಮವನ್ನು ತಂದಿತು. ಎಲ್ಲೆಯ ನಿರ್ಣಯದ ಹಳೆಯ ವಿಧಾನವು ಅದರಲ್ಲಿ ಬಹುಮಟ್ಟಿಗೆ ಉಳಿದುಬಂದಿದೆ. 1974ರ ಭೂಸುಧಾರಣೆಯಿಂದ ಗೇಣಿದಾರರು ಒಡೆಯರಾದರು. ಮಠಗಳ ಅನೇಕ ಹೊಲಗಳು ಉಳುವವರ ಕೈಸೇರಿದವು. ದಾಸೋಹದ ಅನ್ನವನ್ನುಂಡವರ ಮಕ್ಕಳೇ ಅವುಗಳನ್ನು ಪಡೆದಿದ್ದರೆ ಅದನ್ನು ನಷ್ಟವೆಂದು ಬರೆಯುವುದು ಉಚಿತವಲ್ಲ. 2000ದ ಸುಮಾರಿಗೆ ಪಹಣಿಗಳು ಗಣಕಯಂತ್ರವನ್ನು ಸೇರಿದವು. ಆಗ ಕೈಬರಹದ ತಪ್ಪುಗಳೂ ಅಚ್ಚುಕಟ್ಟಾದ ಅಕ್ಷರಗಳಲ್ಲಿ ಯಂತ್ರದೊಳಕ್ಕೆ ಹೋದವು. ಪಹಣಿಯ ವಿಸ್ತೀರ್ಣಕ್ಕೂ ಆಕಾರಬಂದಿನ ವಿಸ್ತೀರ್ಣಕ್ಕೂ ತಾಳೆಯಿಲ್ಲದ ನಂಬರುಗಳನ್ನು ಸರಿಪಡಿಸುವ ಕೆಲಸವು ಭೂಮಾಪನದವರಿಗೆ ಹೊಸದಾಗಿ ಬಂದಿತು.

ಆ ಕೆಲಸವು ಹೊಲದಲ್ಲಿ ನಡೆಯುವ ಕ್ರಮವು ಹೀಗೆ. ಅಳತೆಯ ದಿನವನ್ನು ಸುತ್ತಲಿನ ಹಿಡುವಳಿದಾರರಿಗೆಲ್ಲ ಮುಂಚಿತವಾಗಿ ತಿಳಿಸುತ್ತಾರೆ. ಅಳೆಯುವವನು ಮೂಲ ಟಿಪ್ಪಣಿಯ ನಕಲನ್ನು ಕೈಯಲ್ಲಿ ಹಿಡಿದು ಬರುತ್ತಾನೆ. ವಿವಾದದ ಕಲ್ಲನ್ನು ಅವನು ಮೊದಲು ಹುಡುಕುವುದಿಲ್ಲ. ಯಾರ ವಿವಾದವೂ ಇಲ್ಲದ ಎರಡು ಹಳೆಯ ಬಾಂದುಕಲ್ಲುಗಳನ್ನು ಹುಡುಕುತ್ತಾನೆ. ಅವೆರಡರ ನಡುವಣ ದೂರವು ಟಿಪ್ಪಣಿಯೊಡನೆ ಕೂಡಿದರೆ ಅಲ್ಲಿಂದ ಕಳೆದುಹೋದ ಮೂಲೆಗೆ ಅಳತೆ ಹಿಡಿಯುತ್ತಾನೆ. ಆದರೆ ಆ ಎರಡು ಕಲ್ಲುಗಳು ಎಲ್ಲಿವೆಯೆಂಬುದನ್ನು ಅವನಿಗೆ ತೋರಿಸಬೇಕಾದವರು ಊರಿನವರೇ. ದನ ಕಾಯ್ದ ಹುಡುಗನೋ, ಕಣ್ಣು ಮಂಜಾದ ಮುದುಕನೋ, ಆಚೆಯ ಹೊಲದವನೋ ಮುಂದಾಗಿ ಮುಳ್ಳುಕಂಟಿಯನ್ನು ಸರಿಸಿ, ಮಣ್ಣು ಕೆದರಿ, ಇಲ್ಲಿದೆಯೆಂದು ಕೈಯಿಟ್ಟು ತೋರಿಸುತ್ತಾರೆ. ಕೆಂಪು ಮಾಲೆಯಿಲ್ಲ, ತಲೆಯ ಮೇಲೆ ಮಣ್ಣಿಲ್ಲ. ಕಲ್ಲಿನ ಮಗ್ಗುಲಲ್ಲಿ ಸವೆದ ಲಿಂಗಮುದ್ರೆಯೊಂದು ಕಂಡರೆ ಅಳೆಯುವವನು ಅದನ್ನೂ ಪಂಚನಾಮೆಯಲ್ಲಿ ಬರೆದುಕೊಂಡು, ನೆರೆದವರ ಸಹಿಯನ್ನೂ ಹೆಬ್ಬೆಟ್ಟನ್ನೂ ಹಾಕಿಸಿಕೊಂಡು, ಸರಪಳಿಯ ತುದಿಯನ್ನು ಆ ಕಲ್ಲಿಗೆ ಹಿಡಿಯುತ್ತಾನೆ.